ಕಪ್ಪು ಟ್ಯಾಂಕಿನೊಳಗಿನ ದೀಪ

ಅದು 2008ರ ಬೇಸಿಗೆ. ಆಗ ನಾನು ಹೊಸಪೇಟೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದುಕೊಂಡು ತಪಾಸಣಾ ಎಂಜಿನಿಯರಾಗಿ ಕೆಲಸ ಮಾಡುತ್ತಿದ್ದೆ. ನಮ್ಮದು ಥರ್ಡ್ ಪಾರ್ಟಿ ಇನ್‌ಸ್ಪೆಕ್ಷನ್ ಸಂಸ್ಥೆ. ಹಾಗೆಂದರೆ, ಮಾಲು ಮಾಡುವವರೂ ನಮ್ಮವರಲ್ಲ, ಕೊಳ್ಳುವವರೂ ನಮ್ಮವರಲ್ಲ. ಮಾಡಿದ್ದು ಸರಿಯಿದೆಯೇ ಎಂದು ನೋಡಿ, ಹೌದು ಅಥವಾ ಇಲ್ಲ ಎಂದು ಸಹಿ ಹಾಕಿ ಬರುವುದು ನಮ್ಮ ಕೆಲಸ. ಹೌದು ಎಂದರೆ ಕೊಳ್ಳುವವರಿಗೆ ಅನುಮಾನ, ಇಲ್ಲ ಎಂದರೆ ಮಾಡಿದವರಿಗೆ ಸಿಟ್ಟು. ಇಂಥ ಕೆಲಸಕ್ಕೆ ಚರ್ಮ ದಪ್ಪ ಇರಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನನ್ನ ಚರ್ಮ ಸಾಕಷ್ಟು ದಪ್ಪ ಇದೆಯೆಂದೇ ನಾನೂ ತಿಳಿದಿದ್ದೆ.

ಗಣಿಗಾರಿಕೆ ಭರದಿಂದ ನಡೆಯುತ್ತಿದ್ದ ಕಾಲ. ಸಂಡೂರಿನ ಗುಡ್ಡಗಳಿಂದ ಇಳಿಯುವ ಅದಿರು ಲಾರಿಗಳ ಸಾಲಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ನಾನು ಬಿಳಿ ಅಂಗಿ ಹೊಲಿಸುವುದನ್ನೇ ಬಿಟ್ಟಿದ್ದೆ. ದೋಣಿಮಲೈ ಗಣಿಗೆ ಹೋಗಿ ಬಂದರೆ ಕಾಲರಿನಿಂದ ಕಾಲುಚೀಲದವರೆಗೆ ಎಲ್ಲವೂ ಒಂದೇ ಕೆಂಪು ಬಣ್ಣ. ತೋರಣಗಲ್ಲು, ಕುರೆಕುಪ್ಪದ ಸುತ್ತ ದಿನಕ್ಕೊಂದು ಹೊಸ ಶೆಡ್ಡು ಏಳುತ್ತಿತ್ತು. ಶೆಡ್ಡು ಎದ್ದಮೇಲೆ ಪೈಪು ಬೇಕು, ಟ್ಯಾಂಕು ಬೇಕು, ಎಲ್ಲವೂ ನಾಳೆಯೇ ಬೇಕು. ಅವಸರದಲ್ಲಿ ಮಾಡಿದ ಮಾಲನ್ನು ಅಷ್ಟೇ ಅವಸರದಲ್ಲಿ ಪಾಸು ಮಾಡು ಎಂದು ಬೆನ್ನುಹತ್ತುವವರನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಎಷ್ಟೋ ಜನರ ಮೇಲೆ ರೇಗಿದ್ದೇನೆ. ನನ್ನನ್ನು ಬೆನ್ನ ಹಿಂದೆ ಏನೆಂದು ಕರೆಯುತ್ತಿದ್ದರೋ ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ.

ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ಎಫ್‌ಆರ್‌ಪಿ ಕೆಲಸ. ಗಾಜಿನ ಎಳೆಗಳಿಂದ ಮಾಡಿದ ಚಾಪೆಯನ್ನು ಅಚ್ಚಿನ ಮೇಲೆ ಹಾಸಿ, ಅದಕ್ಕೆ ರೆಸಿನ್ ಎಂಬ ಅಂಟಾದ ದ್ರವವನ್ನು ಕುಡಿಸಿ, ರೋಲರಿನಿಂದ ಒತ್ತಿ ಗಾಳಿ ತೆಗೆದು, ಹೀಗೆ ಪದರದ ಮೇಲೆ ಪದರ ಏರಿಸುವುದು. ರೆಸಿನ್ ಗಟ್ಟಿಯಾದ ಮೇಲೆ ಕಬ್ಬಿಣವನ್ನು ತಿಂದುಹಾಕುವ ಆಸಿಡ್ ಕೂಡ ಅದಕ್ಕೆ ಏನೂ ಮಾಡಲಾರದು. ಆದರೆ ಗಾಜಿನ ಎಳೆ ಪೂರ್ತಿ ರೆಸಿನ್ ಕುಡಿದಿರಬೇಕು. ಎಲ್ಲಾದರೂ ಒಣಗಿ ಉಳಿದರೆ ಆ ಜಾಗವೇ ಟ್ಯಾಂಕಿನ ಸಾವು.

ಈ ವಿದ್ಯೆಯನ್ನು ನನಗೆ ಕಲಿಸಿದವರು ಕೊಟ್ರಬಸಪ್ಪನವರು. ಕಂಪ್ಲಿಯ ರೈಸ್‌ಮಿಲ್ ಮನೆತನದವರು. ಅಣ್ಣತಮ್ಮಂದಿರೆಲ್ಲ ಅಕ್ಕಿ, ತೌಡು ಎಂದು ಕುಳಿತರೆ ಇವರು ಹರೆಯದಲ್ಲೇ ಮುಂಬೈಗೆ ಹೋಗಿ, ದೋಣಿ ಕಟ್ಟುವ ಅಂಗಳದಲ್ಲಿ ಎಫ್‌ಆರ್‌ಪಿ ಕಲಿತು ಬಂದು ಕಂಪ್ಲಿ ರಸ್ತೆಯಲ್ಲಿ ಸ್ವಂತ ಶೆಡ್ಡು ಹಾಕಿದರು. ಡಿಪ್ಲೊಮಾ ಮುಗಿಸಿ, ಕೆಲಸವಿಲ್ಲದೆ ವಡ್ಡು ಗ್ರಾಮದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ಕೆಲಸಕ್ಕೆ ಕರೆದವರು ಅವರು. ರೆಸಿನ್ ಬೆರೆಸುವುದರಿಂದ ಹಿಡಿದು ಗಿರಾಕಿಯ ಜೊತೆ ಹೇಗೆ ಮಾತಾಡಬೇಕು ಎಂಬುದರವರೆಗೆ ಎಲ್ಲ ಹೇಳಿಕೊಟ್ಟರು. ಮುಂದೆ ನನಗೆ ತಪಾಸಣೆಯ ಕೆಲಸ ಸಿಕ್ಕಾಗ ತಾವೇ ನಿಂತು ಕಳಿಸಿಕೊಟ್ಟರು. ಅವರು ನನ್ನನ್ನು ಕರೆಯುತ್ತಿದ್ದದ್ದು ದುರುಗೇಶಿ ಎಂದು. ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ.

ಅವರ ಶೆಡ್ಡಿನ ದೀಪದ ಪರೀಕ್ಷೆಯನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಟ್ಯಾಂಕನ್ನು ಅಚ್ಚಿನಿಂದ ಬಿಡಿಸಿ ನಿಲ್ಲಿಸಿದ ಮೇಲೆ ಅದರ ಮೇಲೊಂದು ದೊಡ್ಡ ತಾಡಪಾಲು ಹೊದಿಸುತ್ತಿದ್ದರು. ಟ್ಯಾಂಕಿನೊಳಗೆ ಒಬ್ಬ ದೊಡ್ಡ ಬಲ್ಬು ಹಿಡಿದು ಇಳಿಯುತ್ತಿದ್ದ. ಯಜಮಾನ್ರು ಹೊರಗಿನಿಂದ, ತಾಡಪಾಲಿನ ಕತ್ತಲೊಳಗೆ ನುಸುಳಿ ಸುತ್ತುತ್ತಿದ್ದರು. ಸಾದಾ ರೆಸಿನ್ನಿನ ಗೋಡೆ ಬೆಳಕಿಗೆ ಬೆಲ್ಲದ ಪಾಕದ ಹಾಗೆ ಹೊಳೆಯುತ್ತದೆ. ಒಳಗೆ ಗಾಳಿಗುಳ್ಳೆ ಇದ್ದರೆ, ಎಳೆ ಒಣಗಿದ್ದರೆ, ಅಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಕಂಡಲ್ಲೆಲ್ಲ ಪೆನ್ಸಿಲಿನಿಂದ ಗುಂಡಗೆ ಗೆರೆ ಎಳೆಯುವರು; ಅಲ್ಲಿ ಉಜ್ಜಿ ತೆಗೆದು ಮತ್ತೆ ಹಾಸಬೇಕು. ಒಂದೂ ಬಿಳಿ ಮಚ್ಚೆ ಕಾಣದ ದಿನ ಹೊರಬಂದು, ಕೈತೊಳೆದು, ಟ್ಯಾಂಕಿಗೆ ಮೂರು ಬೆರಳಿನ ವಿಭೂತಿ ಹಚ್ಚುವರು. ವಿಭೂತಿ ಬಿತ್ತೆಂದರೆ ಮುಗಿಯಿತು. ಕಾಗದದ ಮೇಲೆ ನಾವು ಹಾಕುವ ಮೊಹರಿಗಿಂತ ಆ ಮೂರು ಗೆರೆಗೆ ನಮ್ಮ ಕಡೆಯ ಕಾರ್ಖಾನೆಯವರು ಹೆಚ್ಚು ಬೆಲೆ ಕೊಡುತ್ತಿದ್ದರು. ಅದು ನನಗೂ ಗೊತ್ತಿತ್ತು, ಅವರ ಶಿಷ್ಯ ಎಂದು ಹೆಮ್ಮೆಯೂ ಇತ್ತು.

ಆ ವರ್ಷ ಕುರೆಕುಪ್ಪದ ಕಡೆ ಹೊಸದಾಗಿ ಏಳುತ್ತಿದ್ದ ಒಂದು ಕಾರ್ಖಾನೆಗೆ ಹೈಡ್ರೋಕ್ಲೋರಿಕ್ ಆಸಿಡ್ ತುಂಬಿಡುವ ಟ್ಯಾಂಕು ಬೇಕಾಯಿತು. ಉಕ್ಕಿನ ತಗಡಿನ ಮೇಲಿನ ತುಕ್ಕು ತೊಳೆಯಲು ಈ ಆಸಿಡ್ ಬಳಸುತ್ತಾರೆ. ಟ್ಯಾಂಕಿನ ಬುಡದಲ್ಲಿ ವಾಲ್ವು. ಅದನ್ನು ತಿರುಗಿಸುವವರು ಗುತ್ತಿಗೆ ಕೂಲಿಗಳು. ಟ್ಯಾಂಕು ಬಾಯಿಬಿಟ್ಟರೆ ಮೊದಲು ಸುಡುವುದು ಅವರ ಕಾಲು, ಆಮೇಲೆ ಅವರ ಕಣ್ಣು. ಆ ಕಾರ್ಖಾನೆಯ ಸಲಹೆಗಾರರೊಬ್ಬರು ಎಲ್ಲೋ ಸೆಮಿನಾರಿಗೆ ಹೋಗಿ ಬಂದಿದ್ದರು. ರೆಸಿನ್ನಿಗೆ ಕಾರ್ಬನ್ ನ್ಯಾನೋಟ್ಯೂಬ್ ಸೇರಿಸಿಯೇ ಟ್ಯಾಂಕು ಮಾಡಬೇಕೆಂದು ಷರತ್ತು ಹಾಕಿದರು. ಬೇರೆ ಶೆಡ್ಡಿನವರು ನಮಗಾಗದು ಎಂದರು. ಕೊಟ್ರಬಸಪ್ಪನವರು ಒಪ್ಪಿಕೊಂಡರು. ಅಕ್ಕಿ ಗಿರಣಿಯ ಹೊಟ್ಟಿನ ಕೊಳವೆ, ನೀರಿನ ತೊಟ್ಟಿ ಎಂದು ಸಣ್ಣದರಲ್ಲೇ ಅವರ ಆಯುಷ್ಯ ಕಳೆದಿತ್ತು. ಈ ಒಂದು ಟ್ಯಾಂಕು ಪಾಸಾದರೆ ದೊಡ್ಡ ಕಾರ್ಖಾನೆಗಳು ನಂಬಿ ಕೆಲಸ ಕೊಡುವ ಶೆಡ್ಡುಗಳ ಸಾಲಿಗೆ ಅವರದೂ ಸೇರುತ್ತಿತ್ತು. ಪಾಸಾಗದಿದ್ದರೆ, ಆ ವಯಸ್ಸಿನಲ್ಲಿ ಇನ್ನೊಂದು ಅವಕಾಶ ಬರುವ ಮಾತಿರಲಿಲ್ಲ.

ನ್ಯಾನೋಟ್ಯೂಬ್ ಎಂದರೆ ಇಂಗಾಲದ ಅತಿ ಸೂಕ್ಷ್ಮ ನಳಿಕೆ. ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳು, ಒಳಗೆ ಟೊಳ್ಳು, ಎಳೆದರೆ ಉಕ್ಕಿಗಿಂತ ಗಟ್ಟಿ. ರೆಸಿನ್ನಿನಲ್ಲಿ ಚಿಟಿಕೆಯಷ್ಟನ್ನು ಸರಿಯಾಗಿ ಹರಡಿದರೆ, ಕೂದಲೆಳೆಯಂಥ ಬಿರುಕು ಬೆಳೆಯದಂತೆ ಈ ನಳಿಕೆಗಳು ಎರಡೂ ದಡವನ್ನು ಹಿಡಿದುಕೊಳ್ಳುತ್ತವೆ. ತೊಂದರೆಯೆಂದರೆ ಇವು ಒಂದಕ್ಕೊಂದು ಅಂಟಿಕೊಳ್ಳುವ ಜಾತಿ. ಅಂಬಲಿಗೆ ಹಿಟ್ಟು ಕದಡುವಾಗ ಗಂಟು ಕಟ್ಟಿದಂತೆ ಕಟ್ಟುತ್ತವೆ. ಆದ್ದರಿಂದ ಕಂಪನಿಯವರು ಮೊದಲೇ ಅರೆದು ಹರಡಿದ ಗಟ್ಟಿ ಮಿಶ್ರಣವನ್ನು ಡ್ರಮ್ಮಿನಲ್ಲಿ ಕಳಿಸುತ್ತಾರೆ, ಶೆಡ್ಡಿನಲ್ಲಿ ಅದನ್ನು ಸಾದಾ ರೆಸಿನ್ನಿಗೆ ಬೆರೆಸಿಕೊಳ್ಳಬೇಕು. ಬೆರೆಸಿದ ಮೇಲೆ ಎರಡು ಸಂಗತಿ ಆಗುತ್ತವೆ. ರೆಸಿನ್ ಮಂದವಾಗುತ್ತದೆ. ಮತ್ತೆ ಕಪ್ಪಾಗುತ್ತದೆ. ಎಂಥ ಕಪ್ಪೆಂದರೆ, ಸೂರ್ಯನನ್ನೇ ಹಿಂದೆ ನಿಲ್ಲಿಸಿದರೂ ಒಂದು ಎಳೆ ಬೆಳಕು ಈಚೆ ಬರುವುದಿಲ್ಲ.

ಈ ಟ್ಯಾಂಕಿನ ತಪಾಸಣೆ ನನ್ನ ಹೆಸರಿಗೆ ಬಂದಾಗ ನಾನು ನಮ್ಮ ಮೇಲಧಿಕಾರಿಗೆ ಫೋನು ಮಾಡಿ, ಇವರು ನನಗೆ ಕೆಲಸ ಕಲಿಸಿದವರು, ಬೇರೆಯವರನ್ನು ಕಳಿಸಿ ಎಂದೆ. ಅಲ್ಲಿ ಎಫ್‌ಆರ್‌ಪಿ ಗೊತ್ತಿರುವವನು ನೀನೊಬ್ಬನೇ, ಸುಮ್ಮನೆ ಹೋಗು ಎಂದರು. ಖರೇ ಹೇಳಬೇಕೆಂದರೆ ನನಗೂ ಹೋಗುವ ಆಸೆ ಇತ್ತು. ಗುರುವಿನ ಕೆಲಸಕ್ಕೆ ಶಿಷ್ಯ ಸಹಿ ಹಾಕುವ ಚಿತ್ರ ಮನಸ್ಸಿನಲ್ಲಿ ಚೆನ್ನಾಗಿಯೇ ಕಂಡಿತ್ತು.

ತಪಾಸಣೆಯ ದಿನ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಟ್ಯಾಂಕು ಅಂಗಳದಲ್ಲಿ ನಿಂತಿತ್ತು. ನೋಡಿದವರು ಮೂಗಿನ ಮೇಲೆ ಬೆರಳಿಡಬೇಕು, ಅಂಥ ಕಪ್ಪು, ಅಂಥ ನುಣುಪು. ಅದರ ಮೇಲೆ ವಿಭೂತಿಯ ಮೂರು ಗೆರೆ ಆಗಲೇ ಬಿದ್ದಿತ್ತು. ಕಾರ್ಖಾನೆಯ ಖರೀದಿ ಅಧಿಕಾರಿ ಪ್ರಸಾದರಾವ್ ನನಗಿಂತ ಮೊದಲೇ ಬಂದು ಟ್ಯಾಂಕಿನ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದರು.

“ಏನ್ರೀ ಇನ್‌ಸ್ಪೆಕ್ಟರ್, ಮಸ್ತ್ ಐತಲ್ಲ? ಎಮ್ಮಿ ಮೈ ತೊಳದಂಗ ಹೊಳೀತೈತಿ. ಜಲ್ದಿ ನೋಡಿ ಬಿಡ್ರಿ, ಕ್ರೇನಿಗೆ ಹೇಳಿಬಿಟ್ಟೀನಿ” ಎಂದರು.

ಯಜಮಾನ್ರು ನಗುತ್ತ ಬಂದರು. “ಇಂಜಿನಿಯರ್ ಸಾಹೇಬ್ರು ಬಂದ್ರು, ಹುಷಾರಿರ್ರಪಾ ಎಲ್ಲಾರೂ” ಎಂದು ಹುಡುಗರ ಎದುರು ನನ್ನನ್ನು ಕಾಡಿಸಿದರು. ಅವರ ಮೇಸ್ತ್ರಿ ಹುಲುಗಪ್ಪ ನನಗೆ ಕುರ್ಚಿ ತಂದಿಟ್ಟ. ಅವನೂ ನಾನೂ ಒಂದೇ ವರ್ಷ ಆ ಶೆಡ್ಡಿಗೆ ಸೇರಿದವರು.

“ದೀಪದ ಪರೀಕ್ಷೆ ಆತೇನ್ರಿ ಯಜಮಾನ್ರ?” ಎಂದೆ, ಸಹಜವಾಗಿ, ಪದ್ಧತಿಯಂತೆ.

“ನಿನ್ನೇನ ಮುಗಿಸೀನಿ. ಹುಲುಗ್ಯಾ ಒಳಗ ಬಲ್ಬ್ ಹಿಡದಿದ್ದ. ಎರಡ ಸುತ್ತು ಹಾಕೀನಿ. ಒಂದ ಒಂದು ಬಿಳೇ ಮಚ್ಚಿ ಇಲ್ಲ. ನನ್ನ ಜೀವನದಾಗ ಇಂಥಾ ಸ್ವಚ್ಛ ಟ್ಯಾಂಕ್ ಆಗಿಲ್ಲ ನೋಡು.”

ಭೇಷ್ ಎಂದು ತಲೆಯಾಡಿಸಿದೆ. ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟೆ. ಬೆಳಕೇ ಹಾಯದ ಗೋಡೆಯಲ್ಲಿ ಬಿಳಿ ಮಚ್ಚೆ ಎಲ್ಲಿಂದ ಕಾಣಬೇಕು?

ಇಷ್ಟು ಸಣ್ಣ ವಿಷಯ ಅವರಿಗೆ ಹೊಳೆಯಲಿಲ್ಲವೇ ಎಂದು ಓದುವವರು ಕೇಳಬಹುದು. ನಾನೂ ಬಹಳ ಯೋಚಿಸಿದ್ದೇನೆ. ತಾಡಪಾಲಿನ ಕತ್ತಲಿನಲ್ಲಿ ಅಷ್ಟು ವರ್ಷ ಅವರ ಕಣ್ಣು ಹುಡುಕಿದ್ದು ಬೆಳಕನ್ನಲ್ಲ, ಬಿಳಿ ಮಚ್ಚೆಯನ್ನು. ಮಚ್ಚೆ ಕಂಡರೆ ಕೆಟ್ಟದ್ದು, ಕಾಣದಿದ್ದರೆ ಒಳ್ಳೆಯದು. ಅವತ್ತೂ ಕಾಣಲಿಲ್ಲ. ಒಳಗೆ ನಿಂತ ಹುಲುಗಪ್ಪನಿಗೂ ಅನುಮಾನ ಬರಲಿಲ್ಲ, ಏಕೆಂದರೆ ಅವನ ಕೆಲಸ ಬಲ್ಬು ಹಿಡಿಯುವುದು. ಎರಡು ಹೆಜ್ಜೆ ಇಡುವವರೆಗೆ ನನಗೂ ಬರಲಿಲ್ಲವಲ್ಲ. ಪದ್ಧತಿಯನ್ನು ಪೂರ್ತಿಯಾಗಿ ನಂಬಿದವರು ಮಾತ್ರ ಮಾಡುವ ತಪ್ಪು ಅದು. ಅರೆಬರೆ ಕೆಲಸಗಾರನಾಗಿದ್ದರೆ ದೀಪವನ್ನೇ ಹಚ್ಚುತ್ತಿರಲಿಲ್ಲ.

ನನ್ನ ಕೆಲಸ ಶುರು ಮಾಡಿದೆ. ಅಳತೆ ಸರಿಯಿತ್ತು. ಗಡಸುತನ ನೋಡುವ ಮೀಟರು ಒಳ್ಳೆಯ ಅಂಕಿಯನ್ನೇ ತೋರಿಸಿತು. ಆಳು ಇಳಿಯುವ ಬಾಯಿಗಾಗಿ ಟ್ಯಾಂಕಿನ ನೆತ್ತಿಯಲ್ಲಿ ಕತ್ತರಿಸಿದ ತುಂಡನ್ನು ಪದ್ಧತಿಯಂತೆ ಎತ್ತಿಟ್ಟಿದ್ದರು. ಅದರ ಅಂಚನ್ನು ಉಜ್ಜಿ ನೋಡಿದೆ, ಪದರಗಳು ಬಿಗಿಯಾಗಿ ಕೂತಿದ್ದವು. ನನಗೆ ಸ್ವಲ್ಪ ಜೀವ ಬಂತು. ಕೊನೆಗೆ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಗೋಡೆಯನ್ನು ಬಡಿಯುತ್ತ ಬಂದೆ. ಬೆಳಕು ಹಾಯದ ಮಾಲಿಗೆ ನಮ್ಮಲ್ಲಿ ಇದೊಂದು ಉಪಾಯ. ಗಟ್ಟಿಯಿದ್ದ ಕಡೆ ಟಣ್ ಎನ್ನುತ್ತದೆ, ಒಳಗೆ ಪೊಳ್ಳಿದ್ದರೆ ಸದ್ದು ಸತ್ತುಹೋಗುತ್ತದೆ. ಗೋಡೆಯೆಲ್ಲ ಟಣ್ ಎಂದಿತು. ಬುಡಕ್ಕೆ ಬಂದೆ. ಗೋಡೆಯೂ ತಳವೂ ಸೇರುವ ತಿರುವಿನಲ್ಲಿ ಮೊದಲ ಪೆಟ್ಟಿಗೇ ಸದ್ದು ಸತ್ತಿತು.

ಅಲ್ಲಿ ಯಾಕೆ ಎಂಬುದು ಆಗಲೇ ಗೊತ್ತಾಗಿಹೋಯಿತು. ತಿರುವಿನಲ್ಲಿ ಗಾಜಿನ ಚಾಪೆ ಮಡಿಚಿ ಕೂರಬೇಕು, ರೋಲರು ಸರಿಯಾಗಿ ಒತ್ತುವುದಿಲ್ಲ. ತೆಳ್ಳಗಿನ ರೆಸಿನ್ನಾದರೆ ತಾನೇ ಜಿನುಗಿ ಒಳಗೆ ಹೋಗುತ್ತದೆ. ನ್ಯಾನೋಟ್ಯೂಬ್ ಬೆರೆತ ಮಂದ ರೆಸಿನ್ ಹೋಗುವುದಿಲ್ಲ, ಅದರ ಮೇಲೆ ನಮ್ಮ ಬೇಸಿಗೆಗೆ ಅದು ಬೇಗನೆ ಹೆಪ್ಪುಗಟ್ಟುತ್ತದೆ. ಒಳಗೆ ಎಳೆ ಒಣಗಿಯೇ ಉಳಿದಿತ್ತು. ಹೊರಗೆ ಮಾತ್ರ ಕನ್ನಡಿಯ ಹಾಗೆ ನುಣುಪು.

ಸರಿಯಾದ ಇನ್‌ಸ್ಪೆಕ್ಟರ್ ಆಗಿದ್ದರೆ ಅಲ್ಲೇ ಎದ್ದು ನಿಂತು, ಇಲ್ಲಿ ತುಂಡು ಕತ್ತರಿಸಬೇಕು ಎನ್ನುತ್ತಿದ್ದ. ನಾನು ಎದ್ದು ನಿಂತೆ. ಯಜಮಾನ್ರು ನನ್ನನ್ನೇ ನೋಡುತ್ತಿದ್ದರು. ಅವರ ಟ್ಯಾಂಕನ್ನು ಅದುವರೆಗೆ ಯಾರೂ ಕತ್ತರಿಸಿ ನೋಡಿರಲಿಲ್ಲ. ಅವರ ಹುಡುಗರ ಎದುರು, ಗಿರಾಕಿಯ ಎದುರು, ಅವರು ಹಚ್ಚಿದ ವಿಭೂತಿಯ ಎದುರು ನಾನು ಆ ಮಾತಾಡುವುದೇ? ಮತ್ತೊಂದು ಸುತ್ತು ಬಡಿದೆ. ನೀರು ಕೇಳಿ ಕುಡಿದೆ. ಚಹಾ ಬಂತು, ಕುಡಿದೆ. ಬಿಸಿಲು ಜೋರು ಎಂದೆ. ಹುಲುಗಪ್ಪನ ಮಗಳ ಮದುವೆ ಎಲ್ಲಿಗೆ ಬಂತೆಂದು ವಿಚಾರಿಸಿದೆ. ಬೇರೆ ಶೆಡ್ಡಿನಲ್ಲಿ ಇಷ್ಟೊತ್ತಿಗೆ ರೇಗಿ ಗದ್ದಲ ಎಬ್ಬಿಸಿರುತ್ತಿದ್ದ ಮನುಷ್ಯ, ಅಲ್ಲಿ ಮದುವೆ ಮಾತಾಡುತ್ತಿದ್ದೆ.

ಕೊನೆಗೆ ನನ್ನ ಬಾಯಿಂದ ಬಂದದ್ದು, “ನೀರು ತುಂಬಿ ಒಂದು ದಿನ ಇಡೋಣ್ರಿ” ಎಂಬ ಮಾತು.

ನೀರಿನ ಪರೀಕ್ಷೆ ಮಾಡುವುದು ರೂಢಿಯೇ. ಆದರೆ ನಾನು ಅದನ್ನು ಕೇಳಿದ್ದು ಪರೀಕ್ಷೆಗಲ್ಲ. ನಾನು ಹೇಳಲಾರದ್ದನ್ನು ನೀರಾದರೂ ಹೇಳಲಿ, ಎಲ್ಲಾದರೂ ಸೋರಲಿ ಎಂದು. ಸೋರುವುದಿಲ್ಲವೆಂದೂ ನನಗೆ ಗೊತ್ತಿತ್ತು. ಒಳಪದರ ಹೊರಪದರ ಎರಡೂ ಮುಚ್ಚಿಕೊಂಡಿದ್ದರೆ ಒಂದು ದಿನದ ನೀರಿಗೆ ಏನೂ ಆಗದು. ಆಸಿಡ್ ಹಾಗಲ್ಲ. ತಿಂಗಳುಗಟ್ಟಲೆ ಕೂತು ಕೂದಲೆಳೆಯಂಥ ದಾರಿ ಹುಡುಕಿ, ಒಣ ಎಳೆ ಸಿಕ್ಕಿತೆಂದರೆ ಬತ್ತಿಗೆ ಎಣ್ಣೆ ಏರಿದ ಹಾಗೆ ಅದರುದ್ದಕ್ಕೂ ಹರಿಯುತ್ತದೆ.

ಪ್ರಸಾದರಾವ್ ಗೊಣಗಿದರು. “ಯಾಕ್ರೀ ಟೈಮ್ ವೇಸ್ಟು? ಯಜಮಾನ್ರು ವಿಭೂತಿ ಹಚ್ಯಾರಂದ್ರ ಮುಗೀತು.”

“ಇರ್ಲಿ ಬಿಡ್ರಿ ರಾವ್ ಸಾಹೇಬ್ರ” ಎಂದರು ಯಜಮಾನ್ರು. “ಹುಡುಗ ನಿಯಮಾ ಬಿಡೂದಿಲ್ಲ. ಹಂಗ ಕಲ್ಸೀನಿ ನಾನು.”

ಆ ಮಾತು ಕೇಳಿ ನಾನು ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟೆ. ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತ್ತು.

ಮರುದಿನ ಹೋದಾಗ ಟ್ಯಾಂಕಿನ ಸುತ್ತ ನೆಲ ಒಣಗಿಯೇ ಇತ್ತು. ನೀರನ್ನು ಪೈಪಿನಿಂದ ಗಟಾರಕ್ಕೆ ಬಿಟ್ಟಿದ್ದರು. ಪ್ರಸಾದರಾವ್ ಪೇಡೆಯ ಡಬ್ಬಿ ತಂದಿದ್ದರು. ಕ್ರೇನು ಅಂಗಳದ ಬಾಗಿಲಲ್ಲಿ ಬಂದು ನಿಂತಿತ್ತು. ಹುಲುಗಪ್ಪ ಟ್ಯಾಂಕಿಗೆ ಚೆಂಡುಹೂವಿನ ಮಾಲೆ ಹಾಕುತ್ತಿದ್ದ. ಇನ್ನೂ ಸುಮ್ಮನಿದ್ದರೆ ನಾನು ಸಹಿ ಹಾಕಬೇಕು, ಆಮೇಲೆ ಆ ವಾಲ್ವಿನ ಮುಂದೆ ಯಾರೋ ಕೂಲಿಯವರು ಕುಕ್ಕರಗಾಲಲ್ಲಿ ಕೂರಬೇಕು.

“ಯಜಮಾನ್ರ, ಬುಡದ ತಿರುವಿನ್ಯಾಗ ಒಂದ ತುಂಡು ಕತ್ತರಿಸಿ ನೋಡಬೇಕು” ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

ಹುಲುಗಪ್ಪ ಮಾಲೆ ಬಿಟ್ಟು ತಿರುಗಿದ. “ಏನ್ ಮಾತಾಡ್ತಿ ದುರುಗೇಶಿ? ನೀರ್ ತುಂಬಿದ್ದು ಆತು, ನಿಂತದ್ದು ಆತು. ಯಾರ ಕೈಮ್ಯಾಗ ಉಂಡು ದೊಡ್ಡಾವ ಆಗೀ ಅನ್ನೂದರ ನೆನಪೈತೇನು?”

ಇನ್‌ಸ್ಪೆಕ್ಟರ್ ಆದಮೇಲೆ ನನ್ನನ್ನು ಸಾರ್ ಅನ್ನುತ್ತಿದ್ದ, ಅದನ್ನೂ ಬಿಟ್ಟಿದ್ದ. ನಾನು ತಲೆ ತಗ್ಗಿಸಿದೆ.

“ಹುಲುಗ್ಯಾ, ಸುಮ್ನಿರು” ಎಂದರು ಯಜಮಾನ್ರು. ಕೈ ಚಾಚಿದರು. “ಮಷಿನ್ ತಗೊಂಡು ಬಾ. ದುರುಗೇಶಿ, ಎಲ್ಲಿ? ತೋರ್ಸು.”

ನಾನು ಸೀಮೆಸುಣ್ಣದಿಂದ ಗುಂಡಗೆ ಗೆರೆ ಎಳೆದೆ. ಅವರೇ ಕುಕ್ಕರಗಾಲಲ್ಲಿ ಕೂತು ಕತ್ತರಿಸಿದರು, ಹುಡುಗರ ಕೈಗೆ ಕೊಡಲಿಲ್ಲ. ಕಪ್ಪು ಪುಡಿ ಅವರ ಬಿಳಿ ಪಂಚೆಯ ಮೇಲೆಲ್ಲ ಬಿತ್ತು. ತುಂಡು ಕಳಚಿ ಅಂಗೈಗೆ ಬಂತು. ಬದಿಯಿಂದ ನೋಡಿದರು. ಮೇಲೆ ಕಪ್ಪು, ಕೆಳಗೆ ಕಪ್ಪು, ನಡುವೆ ಹತ್ತಿಯ ಹಾಗೆ ಬೆಳ್ಳಗೆ ಒಣಗಿದ ಗಾಜಿನ ಎಳೆ. ಉಗುರಿನಿಂದ ಕೆರೆದರೆ ಉದುರುತ್ತಿತ್ತು.

ಪ್ರಸಾದರಾವ್ ತುಂಡನ್ನು ತೆಗೆದುಕೊಂಡು ನೋಡಿ ವಾಪಸು ಕೊಟ್ಟು, ಫೋನು ಕಿವಿಗಿಟ್ಟುಕೊಂಡು ಗೇಟಿನ ಕಡೆ ನಡೆದರು. ಕ್ರೇನು ಹಿಂದಕ್ಕೆ ಹೊರಟಿತು. ಹುಲುಗಪ್ಪ ಟ್ಯಾಂಕಿಗೆ ಹಾಕಿದ ಮಾಲೆಯನ್ನು ತೆಗೆಯಬೇಕೋ ಬಿಡಬೇಕೋ ತಿಳಿಯದೆ ಅದರ ತುದಿ ಹಿಡಿದು ನಿಂತಿದ್ದ. ನಾನು ಯಜಮಾನ್ರ ಮುಖ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ.

“ತಾಡಪಾಲು ಹೊಚ್ಚರಿ” ಎಂದರು ಅವರು. “ಬಲ್ಬ್ ಹಚ್ಚರಿ.”

ಹುಡುಗರು ಹೊದಿಸಿದರು. ಹುಲುಗಪ್ಪ ಬಲ್ಬು ಹಿಡಿದು ಒಳಗೆ ಇಳಿದ, ಮೇಲಿನ ಬಾಯಿಗೆ ಗೋಣಿ ಮುಚ್ಚಿದರು. ಯಜಮಾನ್ರು ತಾಡಪಾಲಿನೊಳಗೆ ಹೋದರು, ನನ್ನನ್ನೂ ಕರೆದರು. ಒಳಗೆ ಕಗ್ಗತ್ತಲು. ಈಗತಾನೇ ಕತ್ತರಿಸಿದ ತೂತಿನಿಂದ ಮಾತ್ರ ಬೆಳಕಿನ ಒಂದು ಕೋಲು ಹೊರಗೆ ಬಿದ್ದಿತ್ತು. ಉಳಿದ ಗೋಡೆ ಇದೆಯೋ ಇಲ್ಲವೋ ಎಂಬುದೂ ತಿಳಿಯುತ್ತಿರಲಿಲ್ಲ. ಅವರು ಗೋಡೆಗೆ ಅಂಗೈ ಹಚ್ಚಿ ನಿಂತರು.

“ಮತ್ತ ನಾನು ಎರಡ ಸುತ್ತು ಹಾಕಿ ಏನ್ ನೋಡ್ದೆ?” ಎಂದರು. ನನ್ನನ್ನು ಕೇಳಿದ್ದಲ್ಲ.

ಹೊರಗೆ ಬಂದು, ಹೆಗಲ ಮೇಲಿನ ಟವೆಲನ್ನು ನೀರಿನಲ್ಲಿ ಅದ್ದಿ, ಟ್ಯಾಂಕಿನ ಮೇಲಿನ ವಿಭೂತಿಯನ್ನು ಒರೆಸಿದರು. ಒಂದು ಸಲಕ್ಕೆ ಹೋಗಲಿಲ್ಲ, ಮತ್ತೆ ಒರೆಸಿದರು. ಅದನ್ನು ನೋಡುತ್ತ ನಿಲ್ಲಬೇಕಾಗಿ ಬಂದದ್ದಕ್ಕೆ ನನಗೆ ಆದ ನಾಚಿಕೆಯನ್ನು ಈಗಲೂ ಯಾರಿಗೂ ಸರಿಯಾಗಿ ವಿವರಿಸಲಾರೆ. ನನ್ನ ಅಪ್ಪ ಬಯಲಲ್ಲಿ ಬೆತ್ತಲೆ ನಿಂತಿದ್ದರೆ ಆಗುವಂಥ ನಾಚಿಕೆ. ತಪಾಸಣೆಯ ಹಾಳೆಯ ಮೇಲೆ ತಿರಸ್ಕೃತ ಎಂದು ಬರೆದು ಸಹಿ ಹಾಕಿದೆ.

ಹೇಳದೆ ಹೊರಟುಬಿಡಬೇಕೆಂದು ಬೈಕಿನ ಹತ್ತಿರ ಹೋಗುವಷ್ಟರಲ್ಲಿ ಯಜಮಾನ್ರ ಹೆಂಡತಿ ಗಿರಿಜಮ್ಮ ಶೆಡ್ಡಿನ ಹಿಂದಿನ ಮನೆಯ ಬಾಗಿಲಿಗೆ ಬಂದು ಕೂಗಿದರು. “ದುರುಗೇಶಿ, ಉಣ್ಣದ ಹೋಗಬ್ಯಾಡಪಾ. ರೊಟ್ಟಿ ಬಡದೀನಿ.”

ಆ ಮನೆಯ ಊಟದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮದು ಹೊಲದ ಕೂಲಿಯ ಮನೆತನ. ಅಪ್ಪನ ಕಾಲಕ್ಕೆ ಮನೆಯಲ್ಲಿ ಬುದ್ಧನ ಪಟ ಬಂತು, ನಾವು ಓದಿದೆವು, ಆದರೆ ಊರಿನ ಲಿಂಗವಂತರ ಮನೆಗಳಲ್ಲಿ ನಮ್ಮನ್ನು ಕಟ್ಟೆಯ ಮೇಲೇ ಮಾತಾಡಿಸಿ ಕಳಿಸುವುದು ನಡೆದೇ ಇತ್ತು. ಶೆಡ್ಡಿಗೆ ಸೇರಿದ ಮೊದಲ ದಿನ ಬುತ್ತಿ ಹಿಡಿದು ಗಿಡದ ನೆರಳಿಗೆ ಹೊರಟಿದ್ದೆ. ಯಜಮಾನ್ರು ಒಳಗೆ ಕರೆದು, ತಮ್ಮ ಪಕ್ಕದಲ್ಲೇ ತಾಟು ಹಾಕಿಸಿ ಕೂರಿಸಿಕೊಂಡರು. ಅದರ ಬಗ್ಗೆ ಅವರು ಮುಂದೆಂದೂ ಒಂದು ಮಾತೂ ಆಡಲಿಲ್ಲ. ಅವರ ಬಂಧುಗಳು ಆಡಿದರು, ಇವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವತ್ತೂ ಅದೇ ಜಾಗದಲ್ಲಿ ತಾಟು ಹಾಕಿದ್ದರು. ಜೋಳದ ರೊಟ್ಟಿ, ಪುಂಡಿ ಪಲ್ಯೆ, ಶೇಂಗಾ ಚಟ್ನಿ. ಯಜಮಾನ್ರು ಬಂದು ಕೂತರು. ಗಿರಿಜಮ್ಮ ಬಡಿಸಿದ್ದನ್ನು ಬಿಡಬಾರದೆಂದು ನುಂಗಿದೆ. ಕೈತೊಳೆಯಲು ಹಿತ್ತಲಿಗೆ ಹೋದೆವು. ಅವರು ಚೊಂಬಿನಿಂದ ನನ್ನ ಕೈಗೆ ನೀರು ಹಾಕಿದರು. ಆಗ ಕೇಳಿದರು.

“ನಿನ್ನೆ ನಾಣ್ಯಾ ಬಡದಾಗ, ಮೊದಲ ಪೆಟ್ಟಿಗೇ ನಿನಗ ಗೊತ್ತಾತಲ್ಲ?”

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. “ಹೌದ್ರಿ” ಎಂದೆ.

“ನಿನ್ನ ಮಾರಿ ನೋಡಿದ್ದೆ ನಾನು. ಏನೋ ಐತಿ, ಹೇಳ್ತಾನ, ಅಂತ ನಿಂತಿದ್ದೆ. ನೀ ಚಹಾ ಕುಡದಿ, ಮದುವಿ ಮಾತಾಡಿದಿ, ನೀರ್ ತುಂಬರಿ ಅಂತ ಹೇಳಿ ಹ್ವಾದಿ. ಮತ್ತ ನಾನ ತಿಳಕೊಂಡೆ, ಏನೂ ಇಲ್ಲ ಬಿಡು, ಇದ್ರ ಇವ ನನ್ನ ಮುಂದ ಮುಚ್ಚಿಡಾಂವ ಅಲ್ಲ ಅಂತ.”

“ನಿಮಗ ಎಲ್ಲಾರ ಮುಂದ ಅವಮಾನ ಆಗ್ತೈತಿ ಅಂತ, ಯಜಮಾನ್ರ…”

“ಹಂಗಂದ್ರ, ತಪ್ಪು ತೋರ್ಸಿದ್ರ ತಡಕೊಳ್ಳೋ ಮನಷ್ಯಾ ಅಲ್ಲ ನಾನು. ನನಗ ಟ್ಯಾಂಕಿಗಿಂತ ನನ್ನ ಮರ್ಯಾದಿ ದೊಡ್ಡದು. ಅಷ್ಟ ಅಲ್ಲೇನು ನೀ ನನ್ನ ತಿಳಕೊಂಡದ್ದು?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. “ಟ್ಯಾಂಕ್ ಕೆಟ್ಟದ್ದು ನನ್ನ ನಾಚಿಗಿ. ಅದನ್ನ ನಾನು ನುಂಗತೀನಿ. ಇಷ್ಟ ವರ್ಷ ಜೋಡಿ ಇದ್ದು, ನೀ ನನ್ನ ಹಿಂಗ ಅಳತಿ ಮಾಡಿದೆಲ್ಲೋ, ಅದನ್ನ ಹೆಂಗ ನುಂಗಲಿ, ನೀನ ಹೇಳು.”

ಚೊಂಬು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ನಾನು ಕೈ ಒದ್ದೆಯಾಗಿಯೇ ನಿಂತಿದ್ದೆ.

ಆ ಕೆಲಸ ಬೇರೆ ಊರಿನ ದೊಡ್ಡ ಕಂಪನಿಗೆ ಹೋಯಿತು. ಅವರು ನ್ಯಾನೋಟ್ಯೂಬ್ ಬಿಟ್ಟು ಸಾದಾ ರೆಸಿನ್ನಿನಲ್ಲೇ ಟ್ಯಾಂಕು ಮಾಡಿಕೊಟ್ಟರು, ಸಲಹೆಗಾರರು ಒಂದು ಮಾತೂ ಆಡಲಿಲ್ಲ. ಇಲ್ಲಿ ನ್ಯಾನೋಟ್ಯೂಬಿನ ತಪ್ಪೇನೂ ಇಲ್ಲ. ಸರಿಯಾಗಿ ಹರಡಿ, ರೆಸಿನ್ನಿನ ಮಂದಕ್ಕೆ ತಕ್ಕಂತೆ ಕೈ ಬದಲಿಸಿಕೊಂಡು, ಕಣ್ಣಿಗೆ ಕಾಣದ್ದನ್ನು ಅಲ್ಟ್ರಾಸೌಂಡಿನಿಂದ ಪರೀಕ್ಷಿಸಿ ಮಾಡಿದ ಒಳ್ಳೊಳ್ಳೆಯ ಮಾಲನ್ನು ಮುಂದೆ ನಾನೇ ಪಾಸು ಮಾಡಿದ್ದೇನೆ. ಕೊಟ್ರಬಸಪ್ಪನವರು ಹೊಟ್ಟಿನ ಕೊಳವೆ, ನೀರಿನ ತೊಟ್ಟಿಗಳಿಗೇ ಮರಳಿದರು. ನಾನು ಆ ಕಡೆ ಹೋದಾಗಲೆಲ್ಲ ಮನೆಗೆ ಕರೆದು ಊಟ ಹಾಕಿದರು, ಆರೋಗ್ಯ ವಿಚಾರಿಸಿದರು. ಇಂಜಿನಿಯರ್ ಸಾಹೇಬ್ರು ಎಂದು ಕಾಡಿಸುವುದನ್ನು ಮಾತ್ರ ನಿಲ್ಲಿಸಿದರು. ಅವರು ತೀರಿಕೊಂಡು ಈಗ ಕೆಲವು ವರ್ಷವಾಯಿತು.

ನನ್ನ ವೃತ್ತಿ ನನಗೆ ಯಂತ್ರಗಳನ್ನು ಅನುಮಾನಿಸಲು ಕಲಿಸಿತು, ಪದ್ಧತಿಗಳನ್ನು ಅನುಮಾನಿಸಲು ಕಲಿಸಿತು. ಎದುರಿಗಿರುವ ಮನುಷ್ಯನಿಗೆ ಕೆಟ್ಟ ಸುದ್ದಿ ಕೇಳುವ ತಾಕತ್ತಿದೆ ಎಂದು ನಂಬುವುದೂ ನನ್ನ ಕೆಲಸದ ಒಂದು ಭಾಗ ಎಂಬುದನ್ನು ಆ ಹಿತ್ತಲಿನಲ್ಲಿ ಕಲಿತೆ. ಆಮೇಲೆ ಯಾರ ಮಾಲಿನಲ್ಲಿ ದೋಷ ಕಂಡರೂ ಮೊದಲ ಪೆಟ್ಟಿಗೇ ಹೇಳಿದ್ದೇನೆ, ಎಂಥ ದೊಡ್ಡವರಿದ್ದರೂ. ಕೆಲವರು ಬೈದರು, ಒಬ್ಬಿಬ್ಬರು ಕೈ ಕುಲುಕಿದರು. ಆದರೆ ಹಾಗೆ ಹೇಳಿಸಿಕೊಳ್ಳುವ ಯೋಗ್ಯತೆ ಎಲ್ಲರಿಗಿಂತ ಹೆಚ್ಚಾಗಿ ಯಾರಿಗಿತ್ತೋ, ಅವರಿಗೊಬ್ಬರಿಗೆ ನಾನು ಒಂದು ದಿನ ತಡವಾಗಿ ಹೇಳಿದೆ.